ವಸಾಯಿ ಕೋಟೆಗೆ ಕಾಲ್ನಡಿಗೆಯಲ್ಲಿ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಾವು ಹನ್ನೊಂದು ಮಂದಿ ವಸಾಯಿಯ ಕೋಟೆಗೆ ಹೋಗಿ ಬಂದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಹೋಗುವ ಮೊದಲು ಎಲ್ಲರೂ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಅಲ್ಲಿ ಏನುಂಟು ಮಾರಾಯ್ರೆ? ಮುರಿದ ಗೋಡೆ ನೋಡಲಿಕ್ಕೆ ರಜೆ ಹಾಳು ಮಾಡುವುದಾ?" ಬಂದ ಮೇಲೂ ಅದೇ ಪ್ರಶ್ನೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಎಲ್ಲರ ಮುಂದೆ ಒಮ್ಮೆಲೇ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಆದುದರಿಂದ ನಿಂತಿದ್ದೇವೆ. ನಾವು ಇತಿಹಾಸದ ಪಂಡಿತರಲ್ಲ. ಕಂಡದ್ದನ್ನೂ ಹೋಗುವ ಮೊದಲು ನಾಲ್ಕು ಪುಸ್ತಕ ಓದಿ ತಿಳಿದದ್ದನ್ನೂ ಹೇಳುತ್ತೇವೆ.

ರಜೆಯ ವಿಷಯದಿಂದಲೇ ಆರಂಭಿಸುವುದು ಒಳ್ಳೆಯದು. ನಮ್ಮ ಕೂಟದಲ್ಲಿ ಏಳು ಮಂದಿ ಹೋಟೆಲಿನವರು, ನಾಲ್ವರು ಗಿರಣಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಹಿರಿಯರು. ಹಿರಿಯರಿಗೆ ಯಾವ ದಿನವೂ ಆದೀತು. ಹೋಟೆಲಿನವರಿಗೆ ಭಾನುವಾರವೆಂಬುದು ಊರಿಗೆಲ್ಲ ರಜೆ, ತಮಗೆ ಮಾತ್ರ ದುಪ್ಪಟ್ಟು ಕೆಲಸ. ವಾರಕ್ಕೊಂದು ದಿನದ ರಜೆ ೧೯೪೮ರ ಮುಂಬಯಿ ಅಂಗಡಿ ಕಾಯಿದೆಯಲ್ಲೇ ಬಂದಿತ್ತು. ೨೦೧೭ರಲ್ಲಿ ಬಂದ ಮಹಾರಾಷ್ಟ್ರದ ಹೊಸ ಕಾಯಿದೆಯಲ್ಲೂ ಇದೆ. ಕಾಯಿದೆಯಲ್ಲಿರುವುದು ಗಲ್ಲಾದ ತನಕ ಇಳಿದು ಬರಲು ಎಷ್ಟು ಹೊತ್ತು ಬೇಕೆಂಬುದು ನಿಮಗೆ ಗೊತ್ತೇ ಇದೆ. ಏಳು ಮಂದಿಯ ರಜೆಯನ್ನು ಒಂದೇ ಮಂಗಳವಾರಕ್ಕೆ ತಂದು ಕೂಡಿಸಲು ನಮಗೆ ಆರು ವಾರ ಹಿಡಿಯಿತು. ಎಂಟನೆಯವನೊಬ್ಬ ಬರುವವನಿದ್ದ. ಹಿಂದಿನ ರಾತ್ರಿ ಹತ್ತು ಗಂಟೆಗೆ ಅವನ ಫೋನು ಬಂತು: ಭಟ್ಟರು ಊರಿಗೆ ಹೋದರಂತೆ, ದೋಸೆಯ ಕಲ್ಲಿನ ಮುಂದೆ ನಿಲ್ಲಲು ಬೇರೆ ಜನವಿಲ್ಲವಂತೆ. ಅವನ ಪಾಲಿನ ಚಪಾತಿಯನ್ನು ನಾವೇ ತಿಂದೆವು, ಹೇಳದೆ ಇರಬಾರದು.

ಬೆಳಗಿನ ಆರರ ವಿರಾರ್ ಗಾಡಿ. ಊರೆಲ್ಲ ಚರ್ಚ್‌ಗೇಟಿನ ಕಡೆಗೆ ಬರುತ್ತಿರುವಾಗ ನಾವು ಅದಕ್ಕೆ ವಿರುದ್ಧವಾಗಿ ಹೋಗುತ್ತಿದ್ದುದರಿಂದ ಕೂತುಕೊಳ್ಳಲು ಜಾಗ ಸಿಕ್ಕಿತು. ಇದೂ ಒಂದು ಸುಖ. ಭಾಯಂದರ್ ದಾಟಿದ ಕೂಡಲೆ ಗಾಡಿ ನೀರಿನ ಮೇಲೆ ಹೋಗುತ್ತದೆ. ಆ ನೀರನ್ನು ನಾವೆಲ್ಲ ಖಾಡಿ ಎನ್ನುತ್ತೇವೆ. ಅದು ಉಲ್ಹಾಸ ನದಿ. ಖಂಡಾಲೆಯ ಬಳಿಯ ಸಹ್ಯಾದ್ರಿಯಲ್ಲಿ ಹುಟ್ಟಿ, ಕರ್ಜತ, ಬದಲಾಪುರ, ಕಲ್ಯಾಣಗಳನ್ನು ಹಾದು, ಠಾಣೆಯ ಉತ್ತರಕ್ಕೆ ತಿರುಗಿ, ಇಲ್ಲಿ ಸಮುದ್ರ ಸೇರುತ್ತದೆ. ಘಟ್ಟದ ಸರಕು ಕಲ್ಯಾಣಕ್ಕೆ ಇಳಿದು ದೋಣಿಯಲ್ಲಿ ಸಮುದ್ರಕ್ಕೆ ಬರುತ್ತಿದ್ದ ಹಾದಿ ಇದು. ನದಿಯ ಬಾಯಿಯಲ್ಲಿ ಯಾರು ಕೂತಿರುವರೋ ಅವರು ಆ ಸರಕಿನ ಮೇಲೆ ಸುಂಕ ಎತ್ತಬಹುದು. ನಮ್ಮ ಬಸರೂರು, ಬಾರಕೂರು, ಹೊನ್ನಾವರಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಳೆ ಎಲ್ಲಿ ಕಡಲು ಸೇರುತ್ತದೆಯೋ ಅಲ್ಲಿ ಪೇಟೆ, ಪೇಟೆಯ ಬೆನ್ನಿಗೆ ಕೋಟೆ.

ವಸಾಯಿ ರೋಡ್ ಸ್ಟೇಷನ್ನಿನಲ್ಲಿ ಇಳಿದಾಗ ರಿಕ್ಷಾದವರು ಮುತ್ತಿಕೊಂಡರು. ಕೋಟೆಗೆ ಅಲ್ಲಿಂದ ಆರೇಳು ಕಿಲೋಮೀಟರು. ಬಸ್ಸೂ ಉಂಟು. ನಡೆದೇ ಹೋಗುವುದೆಂದು ನಾವು ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ದಿನಕ್ಕೆ ಹತ್ತು ಗಂಟೆ ಅಡುಗೆಮನೆಗೂ ಮೇಜಿಗೂ ನಡುವೆ ನಡೆಯುವವರಿಗೆ ನಡೆಯುವುದೇನು ಹೊಸತಲ್ಲ. ಆದರೆ ಆ ನಡಿಗೆಯಲ್ಲಿ ಹೋದ ಕಡೆಗೇ ಮತ್ತೆ ಹೋಗುತ್ತಿರುತ್ತೇವೆ. ಇಲ್ಲಿ ಹೆಜ್ಜೆಗೊಂದು ಹೊಸ ಊರು. ಹೊಸ ಕಟ್ಟಡಗಳ ಸಾಲು ಮುಗಿದು ಮಾಣಿಕಪುರದ ಇಗರ್ಜಿ ದಾಟುತ್ತಿರುವಂತೆ ಹಂಚಿನ ಮನೆಗಳು, ಬಾವಿ, ಬಾಳೆ, ತೆಂಗು, ವೀಳ್ಯದೆಲೆಯ ತೋಟ ಕಾಣತೊಡಗಿದವು. ವಸಾಯಿಯ ಬಾಳೆಹಣ್ಣು ಒಣಗಿಸಿ ಮಾಡುವ ಸುಕೇಳಿ ಇಲ್ಲಿಯದೇ. ಅಂಗಳದಲ್ಲಿ ಒಂದೆಡೆ ತುಳಸಿ, ಪಕ್ಕದ ಅಂಗಳದಲ್ಲಿ ಶಿಲುಬೆ. ಕೆಂಪು ಸೀರೆಯುಟ್ಟ ಒಬ್ಬ ಅಜ್ಜಿ ಮರಾಠಿಯ ಒಂದು ಬಗೆಯ ಮಾತಿನಲ್ಲಿ "ಎಲ್ಲಿಗೆ?" ಎಂದಳು. "ಕೋಟೆಗೆ" ಎಂದೆವು. "ನಡೆದೇ?" ಎಂದು ನಕ್ಕಳು. ನಮ್ಮಲ್ಲಿದ್ದ ಕಾರ್ಕಳದ ಕಡೆಯ ಕ್ರೈಸ್ತ ಗೆಳೆಯ, "ನಮ್ಮ ಊರಿನ ಹಾಗೇ ಉಂಟಲ್ಲ!" ಎಂದು ಎರಡು ಸಲ ಹೇಳಿದ. ಈ ಗೆಳೆಯನ ಮಾತು ಮುಂದೆಯೂ ಬರುತ್ತದೆ.

ಈಗ ಸ್ವಲ್ಪ ಹಳೆಯ ಕಥೆ. ವಸಾಯಿ ಗುಜರಾತಿನ ಸುಲ್ತಾನ ಬಹಾದೂರಶಹನದಾಗಿತ್ತು. ಉತ್ತರದಲ್ಲಿ ಮೊಗಲರ ಹುಮಾಯೂನನ ಭಯವಿದ್ದ ಅವನು ೧೫೩೪ರ ಡಿಸೆಂಬರ್ ೨೩ರಂದು ಪೋರ್ಚುಗೀಜರೊಡನೆ ಒಪ್ಪಂದ ಮಾಡಿಕೊಂಡು ವಸಾಯಿಯನ್ನೂ ಅದಕ್ಕೆ ಸೇರಿದ ನೆಲವನ್ನೂ ಬಿಟ್ಟುಕೊಟ್ಟ. ಅದಕ್ಕೆ ಸೇರಿದ ನೆಲ ಎಂದರೆ ಯಾವುದು? ನಾವು ಕೂತಿರುವ ಈ ಮುಂಬಯಿಯೂ ಅದರಲ್ಲಿ ಸೇರಿತ್ತು! ಆಗ ಇದು ವಸಾಯಿಯ ಬಾಲ ಹಿಡಿದುಕೊಂಡಿದ್ದ ಏಳು ತುಂಡು ದ್ವೀಪ. ಮುಂಬಯಿ ದ್ವೀಪವನ್ನು ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಗೇಣಿಗೆ ಹಿಡಿದಿದ್ದ. ಈ ದೇಶದ ಗಿಡಮೂಲಿಕೆಗಳ ಮೇಲೆ ಅವನು ಬರೆದ ಗ್ರಂಥ ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಮುಂದೆ ೧೬೬೧ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಕೊಡುವ ಮಾತಾದಾಗ ಮುಂಬಯಿ ವರದಕ್ಷಿಣೆಯಾಗಿ ಹೋಯಿತು. ೧೬೬೮ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. ಇಂದು ಇಲ್ಲಿ ಒಂದು ಖೋಲಿಯ ಬಾಡಿಗೆ ಕೊಡುವವರು ಆ ಹತ್ತು ಪೌಂಡನ್ನು ಒಮ್ಮೆ ನೆನೆಯಬೇಕು. ಆಗ ವಸಾಯಿ ದೊಡ್ಡಪ್ಪ, ಮುಂಬಯಿ ಬಡ ತಮ್ಮನ ಮಗ. ಪೋರ್ಚುಗೀಜರ ಉತ್ತರದ ಪ್ರಾಂತಕ್ಕೆಲ್ಲ ವಸಾಯಿಯೇ ರಾಜಧಾನಿ. ಅದನ್ನು ಉತ್ತರದ ದರ್ಬಾರೆಂದೇ ಕರೆಯುತ್ತಿದ್ದರು.

ಕೋಟೆಗೆ ಎರಡು ಬಾಗಿಲು: ನೆಲದ ಬಾಗಿಲು, ಕಡಲಿನ ಬಾಗಿಲು. ನಾವು ನೆಲದ ಬಾಗಿಲಿನಿಂದ ಹೊಕ್ಕೆವು. ಒಂದೇ ದಾರಿ ಊರ ನಡುವೆ ಹಾದು ಕಡಲಿನ ಬಾಗಿಲಿನವರೆಗೆ ಹೋಗುತ್ತದೆ. ಸುಮಾರು ೧೧೦ ಎಕರೆ ಜಾಗ, ಸುತ್ತಲೂ ಗೋಡೆ, ಗೋಡೆಗೆ ಹತ್ತು ಕೊತ್ತಲ. ನಾವು ಕೋಟೆಯೆಂದರೆ ಚಿತ್ರದುರ್ಗದ ಕೋಟೆಯಂಥದನ್ನು ಎಣಿಸಿದ್ದೆವು. ಇದು ಕೋಟೆಯಲ್ಲ, ಗೋಡೆ ಕಟ್ಟಿದ ಪಟ್ಟಣ. ಬೀದಿ, ಚೌಕ, ಮನೆಗಳ ಅಡಿಪಾಯ, ಮಠ, ಶಾಲೆ, ಬಾವಿ. ಒಂದರ ಮೇಲೊಂದು ಇಗರ್ಜಿ: ಫ್ರಾನ್ಸಿಸ್ಕನರದು, ಜೆಸ್ವಿತರದು, ಡೊಮಿನಿಕನರದು, ಅಗಸ್ತೀನಿಯನರದು, ಕಡಲಿನ ಬಾಗಿಲ ಬಳಿ ಸಂತ ಜೋಸೆಫರ ಹಿರಿಯ ಇಗರ್ಜಿ, ಅದರ ಗೋಪುರ ಈಗಲೂ ನಿಂತಿದೆ. ಯಾವುದಕ್ಕೂ ಮಾಡಿಲ್ಲ. ಕಲ್ಲಿನ ಸಂದಿಯಿಂದ ಅರಳಿ, ಗೋಳಿ ಬೇರು ಇಳಿಬಿಟ್ಟಿವೆ. ತಾಳೆಯ ಮರಗಳು ಯಜಮಾನರ ಹಾಗೆ ನಡುಮನೆಯಲ್ಲಿ ನಿಂತಿವೆ.

ಒಳಕೋಟೆಯ ಮೇಲೆ ಒಂದು ಶಾಸನವಿತ್ತೆಂದು ಓದಿದ್ದೆವು. ಗವರ್ನರ್ ನುನೊ ದ ಕುನ್ಹಾನ ಅಪ್ಪಣೆಯಂತೆ ೧೫೩೬ರಲ್ಲಿ ಈ ಕೋಟೆಯನ್ನು 'ಮಾಡಿದ' ಮೊದಲ ಕಪ್ತಾನ ಗಾರ್ಸಿಯಾ ದ ಸಾ ಎಂದು ಅದರ ತಾತ್ಪರ್ಯ. ಇದನ್ನು ನಾವು ಓದಿ ಹೇಳಿದಾಗ, ಎಂಟನೆಯ ವಯಸ್ಸಿನಲ್ಲೇ ಅಪ್ಪನೊಡನೆ ಕಲ್ಲು ಹೊತ್ತ ನಮ್ಮ ಬಾಗಲಕೋಟೆಯ ಹಿರಿಯರೊಬ್ಬರು, "ಮಾಡಿದವನಲ್ರೀ ಅಂವಾ, ಮಾಡಿಸಿದವ" ಎಂದರು. ನಮ್ಮ ಭಾಷೆ ಎಷ್ಟು ಉಪಕಾರ ಮಾಡಿದೆ ನೋಡಿ. ಕಟ್ಟಿದವನಿಗೂ ಕಟ್ಟಿಸಿದವನಿಗೂ ಒಂದೇ ಒಂದು ಅಕ್ಷರದ ಅಂತರ. ಆ ಅಕ್ಷರವನ್ನು ಕನ್ನಡದ ಶಾಸನ ಬರೆದವರು ಬಿಡುವಂತಿರಲಿಲ್ಲ. ವಸಾಯಿಯ ಕಲ್ಲು ಗಟ್ಟಿ, ನಯ. ಗೋವೆಯ ಇಗರ್ಜಿಗಳಿಗೂ ಅರಮನೆಗಳಿಗೂ ಇಲ್ಲಿಂದಲೇ ಹಡಗಿನಲ್ಲಿ ಕಲ್ಲು ಹೋಗುತ್ತಿತ್ತು. ಹಡಗು ಕಟ್ಟುವ ಕೆಲಸವೂ ಇಲ್ಲಿತ್ತು. ಆ ಕಲ್ಲು ಕಡಿದವರ, ಹಲಗೆ ಕೂಡಿಸಿದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಅವರು ಗೋಡೆಯೊಳಗೆ ವಾಸಿಸುವಂತೆಯೂ ಇರಲಿಲ್ಲ. ಒಳಗಿನ ವಾಸ ಫಿದಾಲ್ಗೊಗಳಿಗೆ ಮಾತ್ರ. ಆ ಮಾತಿನ ಅರ್ಥ 'ಏನೋ ಒಂದರ ಮಗ' ಎಂದು, ಅಂದರೆ ಆಸ್ತಿವಂತರ ಮಗ. ಏನೂ ಇಲ್ಲದವರ ಮಕ್ಕಳು ಹಗಲು ಒಳಗೆ ದುಡಿದು ಸಂಜೆ ಹೊರಗೆ. ಇದನ್ನು ಕೇಳಿ ನಮ್ಮ ಹುಡುಗನೊಬ್ಬ ಹೇಳಿದ: "ನಮ್ಮದು ತಿರುಗುಮುರುಗು. ನಾವು ಹೋಟೆಲಿನ ಒಳಗೇ ಮಲಗುತ್ತೇವೆ, ಹೆಂಡತಿ ಮಕ್ಕಳು ಊರಲ್ಲಿ." ನಗು ಬಂತು, ಬಹಳ ಹೊತ್ತು ನಿಲ್ಲಲಿಲ್ಲ.

ಹೋಟೆಲಿನವರಿಗಾಗಿ ಇನ್ನೊಂದು ಸಂಗತಿ. ಬೆಳಗ್ಗೆ ನೀವು ಅಂಗಡಿಯ ಚಾವಿ ತೆಗೆಯುತ್ತೀರಿ. ಬಾಲ್ದಿಯಲ್ಲಿ ನೀರು ಹಿಡಿಯುತ್ತೀರಿ. ಅಲಮಾರಿಯಿಂದ ಇಸ್ತ್ರಿ ಮಾಡಿದ ಅಂಗಿ ತೆಗೆಯುತ್ತೀರಿ. ಬಟಾಟೆ ಸುಲಿಯುತ್ತೀರಿ, ಕೋಬಿ ಹೆಚ್ಚುತ್ತೀರಿ, ಪಾವು ಬಂತೇ ಎಂದು ಕೇಳುತ್ತೀರಿ. ತಿಂಗಳ ಕೊನೆಗೆ ಪಗಾರ ಎಣಿಸುತ್ತೀರಿ. ಚಾವಿ, ಬಾಲ್ದಿ, ಅಲಮಾರಿ, ಇಸ್ತ್ರಿ, ಬಟಾಟೆ, ಕೋಬಿ, ಪಾವು, ಕೊನೆಗೆ ಪಗಾರ, ಅಷ್ಟೂ ಪೋರ್ಚುಗೀಜರ ಬಾಯಿಂದ ಬಂದ ಮಾತು. ಗಾರೆಯವರ ಮೇಸ್ತ್ರಿಯೂ ಅವರದೇ. ಮೆಣಸಿನಕಾಯಿ, ಗೇರುಬೀಜ, ಅನಾನಸು, ಪಪ್ಪಾಯಿಗಳು ಅಮೆರಿಕದಿಂದ ಅವರ ಹಡಗಿನಲ್ಲಿ ಬಂದವು. ಮಸಾಲೆ ದೋಸೆಯ ಪಲ್ಯದಿಂದ ಬಟಾಟೆಯನ್ನೂ ಹಸಿಮೆಣಸನ್ನೂ ತೆಗೆದರೆ ಉಳಿಯುವುದು ನೀರುಳ್ಳಿ, ಸಾಸಿವೆ. ಉಡುಪಿ ಹೋಟೆಲಿನ ಕೀರ್ತಿಯಲ್ಲಿ ಪರಂಗಿಯವರದೂ ಒಂದು ಪಾಲುಂಟು ಎಂದರೆ ಮಾಲಕರು ಕೋಪಿಸಿಕೊಳ್ಳಬಾರದು.

ಮಾತುಗಳು ಬಂದವು, ಗಿಡಗಳು ಬಂದವು, ಸರಿ. ಅವರೊಡನೆ ಬಂದ ದಬ್ಬಾಳಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಈ ಸೀಮೆಯ ಎಷ್ಟೋ ದೇವಾಲಯಗಳನ್ನೂ ಮಸೀದಿಗಳನ್ನೂ ಕೆಡವಿದ್ದಾರೆ. ೧೫೬೦ರಲ್ಲಿ ಗೋವೆಯಲ್ಲಿ ಕೂತ ಧರ್ಮನ್ಯಾಯಸ್ಥಾನದ ಕೈ ಇಲ್ಲಿಯವರೆಗೂ ಚಾಚಿತ್ತು. ಹಳ್ಳಿಗಳನ್ನು ತಮ್ಮ ಸಿಪಾಯಿ ಸರದಾರರಿಗೆ ಹಂಚಿ ಕೊಟ್ಟರು. ನಮ್ಮ ಕರಾವಳಿಯಲ್ಲೂ ಇವರದೇ ಕಾಟ. ಉಳ್ಳಾಲದ ಅಬ್ಬಕ್ಕ ಇವರೊಡನೆ ಕಾದಾಡಿದಳು. ೧೬೫೦ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಗಳಿಂದ ಇವರನ್ನು ಹೊರಡಿಸಿದ. ಇಲ್ಲಿ ಆ ಕೆಲಸಕ್ಕೆ ೧೭೩೯ರವರೆಗೆ ಕಾಯಬೇಕಾಯಿತು.

ಪೇಶ್ವೆ ಒಂದನೆಯ ಬಾಜೀರಾಯನ ತಮ್ಮ ಚಿಮಾಜಿ ಅಪ್ಪ. ೧೭೩೭ರಲ್ಲಿ ಠಾಣೆ ಮರಾಠರ ಕೈಸೇರಿತು. ೧೭೩೯ರ ಫೆಬ್ರುವರಿಯಿಂದ ವಸಾಯಿಗೆ ಬಲವಾದ ಮುತ್ತಿಗೆ. ಮೂರು ಕಡೆ ನೀರು, ಕೆಸರು. ನೆಲವಿರುವುದು ಉತ್ತರಕ್ಕೆ ಮಾತ್ರ. ಆ ಕಡೆಯ ಸಂತ ಸೆಬಾಸ್ಟಿಯನ್ ಕೊತ್ತಲದ ಕೆಳಗೆ ಸುರಂಗ ತೋಡಿ ಮದ್ದು ತುಂಬಿ ಹಾರಿಸುವುದೇ ಉಳಿದ ಉಪಾಯ. ಮೇಲಿನಿಂದ ಗುಂಡು, ಕುದಿಯುವ ಎಣ್ಣೆ, ಕಲ್ಲು. ಕೆಳಗೆ ಬಗ್ಗಿ ಮಣ್ಣು ಅಗೆಯುವವರು. ಆ ಕೊತ್ತಲದ ಬುಡದಲ್ಲಿ ನಾವು ಬಹಳ ಹೊತ್ತು ನಿಂತೆವು. ಕೋಟೆಯೊಳಗಿನವರು ಮುಂಬಯಿಯ ಇಂಗ್ಲಿಷರಿಗೆ ಮೊರೆಯಿಟ್ಟರು. ಒಂದೇ ಧರ್ಮದವರು, ಹೆಣ್ಣು ಕೊಟ್ಟ ಬೀಗರು. ಇಂಗ್ಲಿಷರು ಇಗರ್ಜಿಯ ಬೆಳ್ಳಿಸಾಮಾನು ಒತ್ತೆಯಿಟ್ಟುಕೊಂಡು ಹದಿನೈದು ಸಾವಿರ ರೂಪಾಯಿ ಸಾಲ ಕೊಟ್ಟರು! ಇದನ್ನು ಓದಿದಾಗ ನಮಗೆ ನಮ್ಮ ಬೀದಿಯ ಗಿರವಿ ಅಂಗಡಿಯ ನೆನಪಾಯಿತು. ಮೇ ತಿಂಗಳಲ್ಲಿ ಕೊತ್ತಲ ಹಾರಿತು. ೧೬ನೆಯ ತಾರೀಖಿನ ಹೊತ್ತಿಗೆ ಕೋಟೆ ಶರಣಾಯಿತು. ಮರಾಠರ ಕಡೆ ಸತ್ತವರು ಐದು ಸಾವಿರವೆಂದು ಕೆಲವರು, ಹನ್ನೆರಡು ಸಾವಿರವೆಂದು ಕೆಲವರು. ನಡುವಿನ ಏಳು ಸಾವಿರ ಜನ ಸತ್ತರೋ ಬದುಕಿದರೋ ಯಾರೂ ಎಣಿಸಲಿಲ್ಲವೆಂದಾಯಿತು. ವಸಾಯಿಯ ಇಗರ್ಜಿಗಳ ಗಂಟೆಗಳನ್ನು ವಿಜಯದ ಗುರುತಾಗಿ ಒಯ್ದರು. ನಾಸಿಕದ ನಾರೋಶಂಕರ ದೇವಾಲಯದಲ್ಲೂ ಭೀಮಾಶಂಕರದಲ್ಲೂ ತೂಗಾಡುವ ಗಂಟೆಗಳು ಅಂಥವೇ ಎಂದು ಹೇಳುತ್ತಾರೆ.

ಈ ಕಥೆಯನ್ನು ನಾವು ಫ್ರಾನ್ಸಿಸ್ಕನರ ಇಗರ್ಜಿಯೊಳಗೆ ನಿಂತು ಹೇಳುತ್ತಿದ್ದೆವು. ನೆಲದ ತುಂಬ ಸಮಾಧಿಯ ಚಪ್ಪಡಿಗಳು, ಅವುಗಳ ಮೇಲೆ ಪೋರ್ಚುಗೀಜ್ ಅಕ್ಷರ, ಮನೆತನದ ಲಾಂಛನ. ನಮ್ಮ ಕೂಟದ ಹುಡುಗನೊಬ್ಬ ಚಪ್ಪಡಿಯ ಮೇಲೆ ಕಾಲಿಟ್ಟು, "ಒಳ್ಳೆಯದೇ ಆಯ್ತು. ಇದನ್ನೆಲ್ಲ ಕೆಡವಬೇಕಾದ್ದೇ" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಥೆ ಕೇಳಿ ರಕ್ತ ಬಿಸಿಯಾಗಿತ್ತು. ಆದರೆ ಕಾರ್ಕಳದ ಗೆಳೆಯ ಆಗಲೇ ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಅವನು ಏನೂ ಹೇಳಲಿಲ್ಲ. ಟೊಪ್ಪಿಯನ್ನು ಮತ್ತೆ ಹಾಕಿಕೊಂಡು ಹೊರಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತ.

ಬಂಧುಗಳೇ, ಆ ಹತ್ತು ನಿಮಿಷ ನಮಗೆ ಕಷ್ಟವಾಯಿತು. ಹದಿನಾಲ್ಕು ವರ್ಷ ಒಂದೇ ಮೋರಿಯಲ್ಲಿ ಕಪ್ಪುಬಸಿ ತೊಳೆದು, ಒಂದೇ ಚಾಪೆಯಲ್ಲಿ ಮಲಗಿದವರು ಆ ಇಬ್ಬರೂ. ೨೮೦ ವರ್ಷಕ್ಕೂ ಹಿಂದಿನ ಲಡಾಯಿ ಅವರ ನಡುವೆ ಬಂದು ಕೂತಿತು. ತಂದು ಕೂರಿಸಿದವರು ಕಥೆ ಹೇಳಿದ ನಾವೇ. ಏಕೆಂದರೆ ನಾವು ಅರ್ಧ ಹೇಳಿ ನಿಲ್ಲಿಸಿದ್ದೆವು. ಉಳಿದರ್ಧವನ್ನು ಆಗ ಹೇಳಿದೆವು, ಇಲ್ಲಿಯೂ ಹೇಳುತ್ತೇವೆ. ಶರಣಾಗತಿಯ ಕರಾರಿನಲ್ಲಿ ಪೋರ್ಚುಗೀಜರಿಗೆ ತಮ್ಮ ಸ್ವತ್ತಿನೊಡನೆ ಹೊರಟುಹೋಗಲು ಎಂಟು ದಿನದ ಅವಧಿ ಕೊಟ್ಟರು. ಉಳಿಯುವ ಕ್ರೈಸ್ತರು ತಮ್ಮ ಧರ್ಮದಂತೆ ನಡೆಯಬಹುದೆಂದು ಒಪ್ಪಿದರು. ಫಿದಾಲ್ಗೊಗಳು ಹಡಗು ಹತ್ತಿದರು. ಬೆಸ್ತರು, ತೋಟಿಗರು, ಕಲ್ಲುಕುಟಿಗರು ಹೋಗುವುದೆಲ್ಲಿಗೆ? ಅವರ ಊರು ಇದೇ. ಉಳಿದರು. ಬೆಳಗ್ಗೆ ನಮ್ಮನ್ನು ಮಾತನಾಡಿಸಿದ ಅಜ್ಜಿ ಅವರ ಮೊಮ್ಮಕ್ಕಳ ಮೊಮ್ಮಗಳು. ಈ ಇಗರ್ಜಿಗಳು ಹಾಳಾದದ್ದು ಲಡಾಯಿಯ ದಿನ ಮಾತ್ರವಲ್ಲ. ಜನ ಬಿಟ್ಟುಹೋದ ಮೇಲೆ ಮಳೆ, ಮರ, ಕಲ್ಲು ಒಯ್ಯುವವರು ಸೇರಿ ಮೆಲ್ಲನೆ ಹಾಳು ಮಾಡಿದರು. ಇದೇ ವಸಾಯಿಯಲ್ಲಿ ಪೋರ್ಚುಗೀಜ್ ತಂದೆಗೂ ಈ ನೆಲದ ತಾಯಿಗೂ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಎಂಬವನು ಜಪಾನಿಗೆ ಹೋಗಿ, ವ್ಯಾಪಾರ ಮಾಡಿ, ಆಮೇಲೆ ಫ್ರಾನ್ಸಿಸ್ಕನ್ ಸಹೋದರನಾಗಿ, ೧೫೯೭ರ ಫೆಬ್ರುವರಿ ೫ರಂದು ನಾಗಸಾಕಿಯಲ್ಲಿ ಇತರ ಇಪ್ಪತ್ತೈದು ಮಂದಿಯೊಡನೆ ಶಿಲುಬೆಗೇರಿದ. ೧೮೬೨ರಲ್ಲಿ ಅವನನ್ನು ಸಂತನೆಂದು ಸಾರಿದರು. ಭಾರತದಲ್ಲಿ ಹುಟ್ಟಿದ ಮೊದಲ ಸಂತ. ಕೋಟೆಯೊಳಗೇ ಶಿವಾಲಯವೂ ಇದೆ, ವಜ್ರೇಶ್ವರಿಯ ಗುಡಿಯೂ ಇದೆ, ಚಿಮಾಜಿ ಅಪ್ಪನ ಸ್ಮಾರಕವೂ ಇದೆ. ಎಲ್ಲವೂ ಒಂದೇ ಗೋಡೆಯೊಳಗೆ.

ಹುಡುಗ ಬಾವಿಯ ಕಟ್ಟೆಗೆ ಹೋದ. ಏನು ಮಾತಾಡಿದರೋ ನಾವು ಕೇಳಲಿಲ್ಲ. ಊಟದ ಹೊತ್ತಿಗೆ ಇಬ್ಬರೂ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ತೆಗೆಯುತ್ತಿದ್ದರು. ಆದರೆ ಗೆಳೆಯ ಮತ್ತೆ ಟೊಪ್ಪಿ ತೆಗೆಯಲಿಲ್ಲ.

ಊಟ ಮಾಡಿದ್ದು ಹಿರಿಯ ಇಗರ್ಜಿಯ ನೆರಳಿನಲ್ಲಿ. ಅಲ್ಲಿ ಗಿರಣಿಯ ಹಿರಿಯರು ಒಳಗೆ ಹೋಗಿ ನಾಲ್ಕೂ ಕಡೆ ನೋಡುತ್ತ ನಿಂತುಬಿಟ್ಟರು. ಉದ್ದನೆಯ ಗೋಡೆ, ಸಾಲಾಗಿ ಎತ್ತರದ ಕಿಟಕಿ, ಮೇಲೆ ಆಕಾಶ. "ನಮ್ಮ ಸಾಂಚೆ ಖಾತೆನೂ ಹಿಂಗ ಕಾಣತಿತ್ತು ನೋಡ್ರಿ, ಪತ್ರಾ ತಗದ ಮ್ಯಾಲೆ" ಎಂದರು ಬಾಗಲಕೋಟೆಯವರು. ೧೯೮೨ರ ಜನವರಿ ೧೮ರಂದು ಮುಷ್ಕರ ಆರಂಭವಾದಾಗ ಅವರಿಗೆ ಇಪ್ಪತ್ತಾರು ವರ್ಷ. ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಒಬ್ಬರು. ಮುಷ್ಕರ ಮುಗಿಯಿತೆಂದು ಯಾರೂ ಹೇಳಲಿಲ್ಲ. ಭೋಂಗಾ ಮಾತ್ರ ಮತ್ತೆ ಕೂಗಲಿಲ್ಲ. ಕೆಲವು ವರ್ಷ ಕಳೆದು ಬಾಕಿಯ ಕಾಗದಕ್ಕಾಗಿ ಅವರು ಒಳಗೆ ಹೋದಾಗ ಯಂತ್ರಗಳನ್ನು ಗುಜರಿಗೆ ಮಾರಿದ್ದರಂತೆ. ನೆಲದಲ್ಲಿ ಬೋಲ್ಟಿನ ತೂತುಗಳು, ತಮ್ಮ ನಾಲ್ಕು ಸಾಂಚೆಗಳಿದ್ದ ಜಾಗವನ್ನು ಕಣ್ಣು ಮುಚ್ಚಿ ತೋರಿಸಬಲ್ಲೆನೆಂದರು. ಆಮೇಲೆ ಅಲ್ಲಿ ಗಾಜಿನ ಕಟ್ಟಡವೆದ್ದಿತು. ಈ ಕೋಟೆಯನ್ನಾದರೂ ಪುರಾತತ್ವ ಇಲಾಖೆ ಕಾಯುತ್ತಿದೆ, ಫಲಕ ಹಾಕಿದೆ. "ನಮ್ಮ ಗಿರಣಿಗೆ ಒಂದ್ ಬೋರ್ಡೂ ಇಲ್ಲ" ಎಂದು ಅವರು ಚಪಾತಿ ಮುರಿದರು. ಗಿರಣಿಯ ಇನ್ನೊಬ್ಬರು, "ಚಿಮಣಿ ಐತಲ್ಲೋ" ಎಂದರು. ಅದಕ್ಕೆ ಅವರು ಉತ್ತರ ಕೊಡಲಿಲ್ಲ.

ಇನ್ನೊಂದು ಒಪ್ಪಂದವನ್ನು ಹೇಳದೆ ವಸಾಯಿಯ ಕಥೆ ಮುಗಿಯದು. ರಾತ್ರಿಶಾಲೆಯಲ್ಲಿ ಓದಿದವರಿಗೆ ಒಂದು ಸಾಲಾದರೂ ನೆನಪಿರಬೇಕು: ೧೮೦೨ರ ಬಸೀನ್ ಒಪ್ಪಂದ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು; ಆ ಬಸೀನೇ ಈ ವಸಾಯಿ ಎಂಬುದು ನಮ್ಮಲ್ಲಿ ಇಬ್ಬರಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಹೋಳ್ಕರನಿಂದ ಸೋತು ಪುಣೆ ಬಿಟ್ಟು ಓಡಿದ ಎರಡನೆಯ ಬಾಜೀರಾಯ ಇಲ್ಲಿ ಡಿಸೆಂಬರ್ ೩೧ರಂದು ಇಂಗ್ಲಿಷರ ಕಾಗದಕ್ಕೆ ರುಜು ಹಾಕಿದ. ಇಂಗ್ಲಿಷರ ದಂಡನ್ನು ತನ್ನ ಖರ್ಚಿನಲ್ಲಿ ಸಾಕುವುದು, ಅದಕ್ಕೆ ೨೬ ಲಕ್ಷ ರೂಪಾಯಿ ಹುಟ್ಟುವಳಿಯ ಪ್ರದೇಶ ಬಿಟ್ಟುಕೊಡುವುದು. ಆ ಪ್ರದೇಶಗಳಲ್ಲಿ ನಮ್ಮ ಸವಣೂರು ಬಂಕಾಪುರಗಳೂ ಇದ್ದವು! ಮರುವರ್ಷ ಬುಂದೇಲಖಂಡದ ಜೊತೆ ಅದಲುಬದಲು ಮಾಡಿ ಅವನ್ನು ಪೇಶ್ವೆಗೆ ಹಿಂದಕ್ಕೆ ಕೊಟ್ಟರೆನ್ನಿ. ಬಂಕಾಪುರದ ರೈತ ಆ ವರ್ಷ ಯಾರಿಗೆ ಕಂದಾಯ ಕಟ್ಟಿದನೋ! ಹದಿನಾರು ವರ್ಷದಲ್ಲಿ, ೧೮೧೮ಕ್ಕೆ, ಪೇಶ್ವೆಗಿರಿಯೇ ಹೋಯಿತು. ಧಾರವಾಡ, ಬೆಳಗಾವಿ ಸೀಮೆ ಇಂಗ್ಲಿಷರ ಕೈಗೆ ಬಂದು ಮುಂದೆ ಮುಂಬಯಿ ಇಲಾಖೆಗೆ ಸೇರಿತು. ೧೮೬೨ರಲ್ಲಿ ಉತ್ತರ ಕನ್ನಡವೂ ಮದರಾಸಿನಿಂದ ಇಲ್ಲಿಗೆ ಬಂತು. ೧೯೫೬ರ ನವೆಂಬರ್ ೧ರ ತನಕ ಹುಬ್ಬಳ್ಳಿಯವನಿಗೂ ಕಾರವಾರದವನಿಗೂ ರಾಜಧಾನಿ ಈ ಮುಂಬಯಿ. ಗಿರಣಿಯ ಪಾಳಿಗೆ ಬಂದ ನಮ್ಮ ಅಜ್ಜಂದಿರು ಪರರಾಜ್ಯಕ್ಕೆ ಬಂದವರಲ್ಲ, ತಮ್ಮದೇ ಇಲಾಖೆಯ ಪಟ್ಟಣಕ್ಕೆ ಬಂದವರು. "ಹೊರಗಿನವರು" ಎಂಬ ಮಾತು ಕಿವಿಗೆ ಬಿದ್ದಾಗ ಇದನ್ನು ನೆನಪಿಟ್ಟುಕೊಳ್ಳಬಹುದು. ಜಗಳಕ್ಕೆ ಹೋಗಬೇಕೆಂದು ನಾವು ಹೇಳುವುದಿಲ್ಲ.

ಸಂಜೆಗೆ ಕಡಲಿನ ಬಾಗಿಲಿನಿಂದ ಹೊರಬಿದ್ದೆವು. ಹೊರಗೆ ಕಿಲ್ಲಾಬಂದರ್, ಕೋಳಿಗಳ ಊರು. ಬಿದಿರಿನ ಅಡ್ಡೆಗಳ ಮೇಲೆ ಸಾಲುಸಾಲಾಗಿ ಬೊಂಬಿಲು ಒಣಗುತ್ತಿತ್ತು. ಮಲ್ಪೆಯ ನಮ್ಮ ಮೊಗವೀರ ಗೆಳೆಯ ಇಡೀ ದಿನ ಮಾತಿಲ್ಲದೆ ಇದ್ದವನು ಇಲ್ಲಿ ಬಾಯಿಬಿಟ್ಟ. ಬಲೆ ಹೆಣೆಯುತ್ತಿದ್ದ ಮುದುಕನೊಬ್ಬನ ಪಕ್ಕ ಕೂತು, ಇವನ ಮುರುಕು ಮರಾಠಿಯಲ್ಲಿ ಅವನೊಡನೆ ಕಣ್ಣಿಯ ಅಳತೆ, ಡೀಸೆಲಿನ ಬೆಲೆ, ಮೀನು ಕಡಿಮೆಯಾದುದು ಎಲ್ಲ ಮಾತಾಡಿ, ಅರ್ಧ ಗಂಟೆ ಏಳಲೇ ಇಲ್ಲ. ಕೋಟೆಯಲ್ಲಿ ನಾವು ಹೇಳಿದ ಇಸವಿಗಳಿಗಿಂತ ಅವನಿಗೆ ಅದೇ ದೊಡ್ಡದಾಗಿ ಕಂಡಿರಬೇಕು.

ಹಿಂದಿರುಗುವಾಗ ಸ್ಟೇಷನ್ನಿಗೆ ನಡೆಯಲಿಲ್ಲ. ೨೦೨೪ರಲ್ಲಿ ಆರಂಭವಾದ ರೋ-ರೋ ದೋಣಿಯಲ್ಲಿ ಭಾಯಂದರಿಗೆ ದಾಟಿದೆವು. ಮೋಟಾರು ಸೈಕಲ್ಲುಗಳು, ರಿಕ್ಷಾಗಳು, ತರಕಾರಿಯ ಬುಟ್ಟಿಗಳ ನಡುವೆ ಹನ್ನೊಂದು ಮಂದಿ. ಹಿಂದೆ ನೋಡಿದರೆ ಗೋಡೆ ಕಾಣುತ್ತಿರಲಿಲ್ಲ. ತಾಳೆಯ ಮರಗಳು ಮಾತ್ರ. ಮುಂದೆ ರೈಲ್ವೆಯ ಸೇತುವೆಯ ಮೇಲೆ ದೀಪ ಹಚ್ಚಿಕೊಂಡು ವಿರಾರ್ ಗಾಡಿ ಹೋಗುತ್ತಿತ್ತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ನಮ್ಮಲ್ಲಿ ಇಬ್ಬರಿಗೆ ಮರುದಿನ ಬೆಳಗ್ಗೆ ನಾಲ್ಕಕ್ಕೆ ಹಿಟ್ಟು ರುಬ್ಬುವ ಪಾಳಿ. ಅವರು ದೋಣಿಯಲ್ಲೇ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಹೋಗಿದ್ದರು.

ತಲೆಗೆ ತಗುಲಿದ ಖರ್ಚು ಎಷ್ಟೆಂದು ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ರೈಲು, ದೋಣಿ, ಚಹಾ ಅಷ್ಟೆ. ಊಟ ಮನೆಯದು, ಲೆಕ್ಕ ಕಾರ್ಯದರ್ಶಿಗಳಲ್ಲಿದೆ. ಮುಂದಿನ ಸಲಕ್ಕೆ ಬರುವವರು ತಮ್ಮ ರಜೆಯ ವಾರವನ್ನು ಈಗಲೇ ಬರೆಸಿ ಹೋಗಬೇಕು. ದೋಸೆಕಲ್ಲಿನ ಮುಂದೆ ಉಳಿದುಹೋದ ಗೆಳೆಯನ ಹೆಸರನ್ನು ನಾವೇ ಮೊದಲು ಬರೆದಿದ್ದೇವೆ.